ಒಲೆಯ ಒಡೆದ ಇಟ್ಟಂಗಿ ಬದಲಿಸೋಣ



ಬೆಳಿಗ್ಗೆ ಎದ್ದ ಕೂಡಲೆ ನಾವು ಹೋಗುವುದು ಎಲ್ಲಿಗೆ? ಒಲೆಯ ಹತ್ತಿರ. ಬೂದಿ ತೆಗೆಯುತ್ತೇವೆ. ಒಲೆ ಸಾರಿಸುತ್ತೇವೆ. ಬೆಂಕಿ ಹಚ್ಚುತ್ತೇವೆ. ಆದರೆ ಒಲೆಯ ಒಳಗೆ ಬಗ್ಗಿ ನೋಡುವುದು ಕಡಿಮೆ. ಹೊರಗೆ ಸಾರಿಸಿದ ಒಲೆ ಚೆಂದ ಕಾಣುತ್ತದೆ. ಒಳಗೆ ಇಟ್ಟಂಗಿ ಒಡೆದು ಉದುರುತ್ತಿರುತ್ತದೆ.

"ಈಗ ಗ್ಯಾಸ್ ಬಂದೈತಲ್ರಿ, ಕಟ್ಟಿಗಿ ಒಲಿ ಮಾತು ಯಾಕ?" ಎಂದು ನೀವು ಕೇಳಬಹುದು. ನಿಜ. 2016ರಲ್ಲಿ ಉಜ್ವಲ ಯೋಜನೆ ಶುರುವಾಯಿತು. ಬಡವರ ಮನೆಗೂ ಸಿಲಿಂಡರ್ ಬಂತು. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹಳ್ಳಿಗಳಲ್ಲಿ ನೋಡಿರಿ. ಚಹಾಕ್ಕೆ ಗ್ಯಾಸ್, ರೊಟ್ಟಿಗೆ ಕಟ್ಟಿಗೆ. ಬಚ್ಚಲ ಹಂಡೆಗೂ ಕಟ್ಟಿಗೆಯೇ. ಹತ್ತಿ ಬಿಡಿಸಿದ ಮೇಲೆ ಹೊಲದ ತುಂಬ ಹತ್ತಿ ಕಟ್ಟಿಗೆ ಸಿಗುತ್ತದೆ. ಗೋವಿನಜೋಳದ ದಂಟು ಇದೆ. ಜಾಲಿ ಇದೆ. ಕುಳ್ಳು ಇದೆ. ಕೈಗೆ ಸಿಗುವ ಉರವಲನ್ನು ಬಿಟ್ಟು, ದುಡ್ಡು ಕೊಟ್ಟು ಸಿಲಿಂಡರ್ ತರಲು ಎಲ್ಲರಿಗೂ ಆಗುವುದಿಲ್ಲ. ಹಾಗಾಗಿ ಕಟ್ಟಿಗೆ ಒಲೆ ಇನ್ನೂ ಇದೆ. ಇರುವ ತನಕ ಅದು ಸರಿಯಾಗಿರಬೇಕು.

ಒಡೆದರೆ ಏನಾಗುತ್ತದೆ?

"ಒಂದು ಇಟ್ಟಂಗಿ ಒಡದ್ರ ಏನಾತು? ಮ್ಯಾಲ ಮಣ್ಣು ಮೆತ್ತಿದ್ರ ಆತು." ಹೀಗೆ ಅನ್ನುವವರು ಬಹಳ. ಆದರೆ ಒಡೆದ ಇಟ್ಟಂಗಿ ಮೂರು ಕೆಲಸ ಕೆಡಿಸುತ್ತದೆ.

ಬೆಂಕಿಯ ಸುತ್ತ ಇಟ್ಟಂಗಿ ಗೋಡೆ ಇರುವುದು ಬಿಸಿಯನ್ನು ಒಳಗೇ ಹಿಡಿಯಲು. ಗೋಡೆ ತೆಳುವಾದರೆ ಬಿಸಿ ಹೊರಗೆ ಹೋಗುತ್ತದೆ. ಪಾತ್ರೆಗೆ ಹೋಗಬೇಕಾದ ಬಿಸಿ ಅಡಿಗೆ ಮನೆಯನ್ನು ಕಾಯಿಸುತ್ತದೆ. ಉದುರಿದ ಚೂರು ಜಾಲರಿಯ ಮೇಲೆ ಬಿದ್ದರೆ ಕೆಳಗಿನಿಂದ ಬರುವ ಗಾಳಿ ನಿಲ್ಲುತ್ತದೆ. ಗಾಳಿ ಇಲ್ಲದೆ ಕಟ್ಟಿಗೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಆಗ ನಾವು ಊದುಗೊಳವೆ ಹಿಡಿದು ಕೂಡುತ್ತೇವೆ.

ಮೂರನೆಯದು ಹೊಗೆ ಕೊಳವೆ ಇರುವ ಒಲೆಯ ಮಾತು. ಕೊಳವೆ ಹೊಗೆಯನ್ನು ಮೇಲಕ್ಕೆ ಎಳೆಯುತ್ತದೆ. ಗೋಡೆಯಲ್ಲಿ ಬಿರುಕು ಇದ್ದರೆ ಅಲ್ಲಿಂದ ತಂಪು ಗಾಳಿ ನುಗ್ಗುತ್ತದೆ. ತೂತು ಬಿದ್ದ ನಳಿಗೆಯಿಂದ ಎಳನೀರು ಕುಡಿದು ನೋಡಿರಿ. ನೀರು ಬರುವುದಿಲ್ಲ, ಬರೀ ಗಾಳಿ ಬರುತ್ತದೆ. ಒಲೆಯದೂ ಅದೇ ಕಥೆ. ಕೊಳವೆಯ ಎಳೆತ ಕುಗ್ಗುತ್ತದೆ. ಹೊಗೆ ಒಲೆಯ ಬಾಯಿಂದ ನಮ್ಮ ಮುಖಕ್ಕೆ ಬರುತ್ತದೆ.

ಹೊಗೆ ಅಂದರೆ ಕಣ್ಣೀರು ಮಾತ್ರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಒಂದು ಅಂದಾಜು ಮಾಡಿದೆ. 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಮನೆಯೊಳಗಿನ ಹೊಗೆಯಿಂದ ಬಂದ ಕಾಯಿಲೆಗಳಿಂದ ಸತ್ತರು. ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಐದು ವರ್ಷದೊಳಗಿನ ಕೂಸುಗಳು. ಒಲೆಯ ಮುಂದೆ ಕೂತ ತಾಯಿ, ಅವಳ ಕಂಕುಳಲ್ಲಿದ್ದ ಕೂಸು, ಇಬ್ಬರೂ ಅದೇ ಹೊಗೆ ಕುಡಿಯುತ್ತಾರೆ. ಕೆಮ್ಮು, ದಮ್ಮು, ಎದೆ ಕಟ್ಟುವುದು, ಕಣ್ಣಿಗೆ ಪೊರೆ ಬರುವುದು, ಇವಕ್ಕೆಲ್ಲ ಹೊಗೆಯೂ ಒಂದು ಕಾರಣ.

ಕಟ್ಟಿಗೆಯ ಲೆಕ್ಕವನ್ನೂ ಹಾಕೋಣ. ಕೆಟ್ಟ ಒಲೆ ದಿನಕ್ಕೆ 1 ಕಿಲೋ ಕಟ್ಟಿಗೆ ಹೆಚ್ಚು ತಿಂತು ಅನ್ನಿ. ತಿಂಗಳಿಗೆ 30 ಕಿಲೋ. ವರ್ಷಕ್ಕೆ 365 ಕಿಲೋ. ಒಂದು ಹೊರೆಗೆ 20 ಕಿಲೋ ಅಂದರೂ 18 ಹೊರೆ ಆಯಿತು. ಆ 18 ಹೊರೆ ಹೊತ್ತವರು ಯಾರು? ಮನೆಯ ಗಂಡಸರಲ್ಲ.

ಅಸ್ತ್ರ ಒಲೆಯ ಕಥೆ

ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಒಲೆ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡಬೇಕು ಎಂದು ಅಮೂಲ್ಯ ರೆಡ್ಡಿ ಎಂಬ ವಿಜ್ಞಾನಿ ಅದನ್ನು ಕಟ್ಟಿದರು. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಬಿಸಿ ಬಹಳ ಹಾಳಾಗುತ್ತದೆ. ನೂರು ಪಾಲು ಬಿಸಿಯಲ್ಲಿ ಸುಮಾರು 10ರಿಂದ 15 ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದದ್ದೆಲ್ಲ ಗಾಳಿಪಾಲು. ಅಸ್ತ್ರದವರು ಇದಕ್ಕೆ ಉಪಾಯ ಹುಡುಕಿದರು. 1980ರ ದಶಕದಲ್ಲಿ ಅವರು ಮಾಡಿದ ಒಲೆಯಲ್ಲಿ ಸಾಲಾಗಿ ಮೂರು ಪಾತ್ರೆ ಕೂಡುತ್ತವೆ. ಕಟ್ಟಿಗೆಯ ಕೆಳಗೆ ಕಬ್ಬಿಣದ ಜಾಲರಿ. ಕೊನೆಗೆ ಹೊಗೆ ಕೊಳವೆ. ಒಂದೇ ಬೆಂಕಿ ಮೂರು ಪಾತ್ರೆಯನ್ನೂ ಸವರಿಕೊಂಡು ಹೊರಗೆ ಹೋಗುತ್ತದೆ. ಇದಕ್ಕೇ ಜನ 'ಅಸ್ತ್ರ ಒಲೆ' ಅಂದರು.

(ಕೊಳವೆಗೆ 'ಚಿಮಣಿ' ಅಂತಲೂ ಅನ್ನುತ್ತಾರೆ. ನಮ್ಮ ಕಡೆ ಚಿಮಣಿ ಅಂದರೆ ಸೀಮೆಎಣ್ಣೆ ಬುಡ್ಡಿ. ಅದಕ್ಕೆ ನಾವು ಹೊಗೆ ಕೊಳವೆ ಎಂದೇ ಹೇಳುತ್ತೇವೆ.)

ಕೇಂದ್ರ ಸರ್ಕಾರವೂ 1980ರ ದಶಕದಲ್ಲಿ ಸುಧಾರಿಸಿದ ಒಲೆಗಳ ಕಾರ್ಯಕ್ರಮ ಶುರು ಮಾಡಿತು. ಅದು 2002ರಲ್ಲಿ ನಿಂತಿತು. ಅಷ್ಟರಲ್ಲಿ ದೇಶದಲ್ಲಿ ಇಂಥ 3 ಕೋಟಿಗೂ ಹೆಚ್ಚು ಒಲೆಗಳು ಆಗಿದ್ದವು. ಆದರೆ ಬಹಳ ಒಲೆಗಳು ಒಂದೆರಡು ವರ್ಷದಲ್ಲೇ ಮೂಲೆ ಸೇರಿದವು. ಕಟ್ಟಿದವರು ಕಟ್ಟಿ ಹೋದರು. ರಿಪೇರಿ ಹೇಗೆ ಎಂದು ಒಲೆಯ ಮುಂದೆ ಕೂಡುವ ಹೆಣ್ಣುಮಕ್ಕಳಿಗೆ ಸರಿಯಾಗಿ ಯಾರೂ ಹೇಳಿಕೊಡಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿತು. ಇಟ್ಟಂಗಿ ಉದುರಿತು. "ಈ ಒಲಿ ಬ್ಯಾಡವಾ" ಎಂದು ಕೆಡವಿದರು. ಮತ್ತೆ ಮೂರು ಕಲ್ಲು ಬಂದವು. ನಮಗೆ ಅನಿಸುವ ಮಾತು ಹೇಳುತ್ತೇವೆ. ಒಲೆ ಕಟ್ಟಿಸಿಕೊಡುವುದರಷ್ಟೇ ದೊಡ್ಡ ಕೆಲಸ ಅದರ ರಿಪೇರಿ ಕಲಿಸುವುದು.

ಇಟ್ಟಂಗಿ ಯಾಕೆ ಒಡೆಯುತ್ತದೆ?

ಬಿಸಿಯಾದಾಗ ಇಟ್ಟಂಗಿ ಕೂದಲೆಳೆಯಷ್ಟು ಹಿಗ್ಗುತ್ತದೆ. ಆರಿದಾಗ ಕುಗ್ಗುತ್ತದೆ. ದಿನಕ್ಕೆ ಎರಡು ಸಲ, ವರ್ಷವೆಲ್ಲ ಹೀಗೇ. ಅದು ಮೆಲ್ಲಗೆ ದಣಿಯುತ್ತದೆ. ಇದನ್ನು ತಪ್ಪಿಸಲು ಆಗುವುದಿಲ್ಲ. ಕುಡುಗೋಲು ಸವೆಯುವ ಹಾಗೆ ಇದೂ ಸವೆಯುತ್ತದೆ.

ಆದರೆ ನಾವೇ ಬೇಗ ಒಡೆಯುವುದೂ ಉಂಟು. ಅಡಿಗೆ ಮುಗಿಯಿತು ಎಂದು ಒಲೆಗೆ ನೀರು ಚೆಲ್ಲುತ್ತೇವೆ. ಕೆಂಪಗೆ ಕಾದ ಇಟ್ಟಂಗಿ ಮೇಲೆ ನೀರು ಬಿದ್ದರೆ ಮೈ ಥಟ್ಟನೆ ಕುಗ್ಗುತ್ತದೆ, ಒಳಗೆ ಬಿಸಿ ಹಾಗೇ ಇರುತ್ತದೆ. ಬಿರುಕು ಬೀಳುತ್ತದೆ. ಕೊಳ್ಳಿಯನ್ನು ಹೊರಗೆ ಎಳೆದು ಬೂದಿ ಅಥವಾ ಮಣ್ಣಿನಲ್ಲಿ ಒತ್ತಿ ಆರಿಸಬೇಕು. ದೊಡ್ಡ ಬೊಡ್ಡೆಯನ್ನು ಕಾಲಿನಿಂದ ಒದ್ದು ಒಳಗೆ ತಳ್ಳುವುದರಿಂದಲೂ ಹಿಂದಿನ ಇಟ್ಟಂಗಿ ಸಡಿಲವಾಗುತ್ತದೆ.

ಬೂದಿಯೂ ಇಟ್ಟಂಗಿಯನ್ನು ತಿನ್ನುತ್ತದೆ ಎಂದರೆ ನಂಬುತ್ತೀರಾ? ಹಿಂದೆ ನಮ್ಮ ಅಮ್ಮಂದಿರು ಬೂದಿ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದರು. ಬೂದಿಯಲ್ಲಿ ಕ್ಷಾರ ಇದೆ, ಅದಕ್ಕೆ ಕೊಳೆ ಹೋಗುತ್ತಿತ್ತು. ಅದೇ ಕ್ಷಾರ ದೊಡ್ಡ ಬೆಂಕಿಯಲ್ಲಿ ಇಟ್ಟಂಗಿಯ ಮೈಯನ್ನು ಕರಗಿಸುತ್ತದೆ. ದಂಟು, ಕಡ್ಡಿ ಉರಿಸಿದರೆ ಗಟ್ಟಿ ಕಟ್ಟಿಗೆಗಿಂತ ಹೆಚ್ಚು ಬೂದಿ ಬೀಳುತ್ತದೆ. ಅದಕ್ಕೆ ದಿನಾ ಬೂದಿ ತೆಗೆಯಬೇಕು. ಬ್ಯಾಡಗಿ ಸೀಮೆಯಲ್ಲಿ ಮೆಣಸಿನ ಗಿಡದ ಕಡ್ಡಿಯನ್ನೂ ಒಲೆಗೆ ಹಾಕುತ್ತಾರೆ. ಗಿಡದಲ್ಲಿ ಕಾಯಿ ಉಳಿದಿದ್ದರೆ ಘಾಟು ಎಷ್ಟೆಂದು ನಾವು ಹೇಳಬೇಕಾಗಿಲ್ಲ!

ಯಾವ ಇಟ್ಟಂಗಿ ಬದಲಿಸಬೇಕು?

ಒಲೆ ಪೂರ್ತಿ ಆರಿದಾಗ ಬ್ಯಾಟರಿ ಹಿಡಿದು ಒಳಗೆ ನೋಡಿರಿ. ಕೂದಲಿನಂಥ ಸಣ್ಣ ಗೆರೆ ಇದ್ದರೆ ಹೆದರಬೇಡಿರಿ. ತೆಳು ಮಣ್ಣು ಸವರಿದರೆ ಸಾಕು. ಇಟ್ಟಂಗಿಯನ್ನು ಬೆರಳಿನಿಂದ ತಳ್ಳಿರಿ. ಅಲುಗಾಡಿದರೆ ಅದನ್ನು ತೆಗೆದು ಕೂಡಿಸಬೇಕು. ಸುತ್ತಿಗೆಯ ಹಿಡಿಕೆಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಇಟ್ಟಂಗಿ 'ಟಣ್' ಅನ್ನುತ್ತದೆ. ಕೆಟ್ಟದ್ದು 'ದಪ್' ಅನ್ನುತ್ತದೆ. ಮೂರರಲ್ಲಿ ಒಂದು ಪಾಲು ಸವೆದಿದ್ದರೆ, ಎರಡು ಹೋಳಾಗಿದ್ದರೆ, ಮುಟ್ಟಿದರೆ ಪುಡಿ ಉದುರಿದರೆ, ಅದು ಹೋಗಲೇಬೇಕು.

ಬಿರುಕು ಆರಪಾರ ಇದೆಯೋ ಇಲ್ಲವೋ ತಿಳಿಯದಿದ್ದರೆ ಒಂದು ಉಪಾಯ ಇದೆ. ಒಲೆ ಉರಿಯುವಾಗ ಊದಿನಕಡ್ಡಿ ಹಚ್ಚಿ ಹೊರಗಿನ ಬಿರುಕಿನ ಹತ್ತಿರ ಹಿಡಿಯಿರಿ. ಕಡ್ಡಿಯ ಹೊಗೆ ಬಿರುಕಿನ ಒಳಗೆ ಎಳೆದುಕೊಂಡು ಹೋದರೆ ಅಲ್ಲಿ ದಾರಿ ಇದೆ ಎಂದು ಅರ್ಥ.

ಬೇಕಾಗುವ ಸಾಮಾನು

ಸುಟ್ಟ ಇಟ್ಟಂಗಿ, ಮಣ್ಣು, ಹಂಚಿನ ಪುಡಿ, ನೀರು. ಉಳಿ, ಸುತ್ತಿಗೆ, ಒಂದು ಕರಣಿ, ಹಳೇ ಬಟ್ಟೆ. ಇಷ್ಟೇ.

ಇಟ್ಟಂಗಿಯಲ್ಲಿ ಎರಡು ಜಾತಿ. ಮನೆ ಕಟ್ಟುವ ಕೆಂಪು ಇಟ್ಟಂಗಿ ಒಂದು. 'ಫೈರ್ ಬ್ರಿಕ್' ಎನ್ನುವ ಬೆಂಕಿ ಇಟ್ಟಂಗಿ ಇನ್ನೊಂದು. ಬೆಂಕಿ ಇಟ್ಟಂಗಿ ಹಳದಿ ಬಿಳಿ ಬಣ್ಣದ್ದು, ಕೈಗೆ ಭಾರ. ಉದ್ದ 9 ಇಂಚು, ಅಗಲ 4½ ಇಂಚು, ದಪ್ಪ 3 ಇಂಚು ಇರುತ್ತದೆ. ಬೇಕರಿಯ ಭಟ್ಟಿಯಲ್ಲಿ, ಬೆಳಗಾವಿ, ಹುಬ್ಬಳ್ಳಿಯ ಎರಕದ ಕಾರ್ಖಾನೆಗಳಲ್ಲಿ ಇದನ್ನು ಹಾಕುತ್ತಾರೆ. ಎರಕದ ಕಾರ್ಖಾನೆಯ ಬಿಸಿಗೆ ಕೆಂಪು ಇಟ್ಟಂಗಿ ಕರಗಿಹೋಗುತ್ತದೆ. ನಮ್ಮ ಮನೆಯ ಒಲೆಗೆ ಅಷ್ಟು ಬಿಸಿ ಇಲ್ಲ. ಚೆನ್ನಾಗಿ ಸುಟ್ಟ ಕೆಂಪು ಇಟ್ಟಂಗಿ ಸಾಕು. ಸಂಘದವರು ಸೇರಿ ರೊಟ್ಟಿ ಮಾರುತ್ತೀರಿ, ಖಾನಾವಳಿ ನಡೆಸುತ್ತೀರಿ, ಒಲೆ ದಿನವಿಡೀ ಉರಿಯುತ್ತದೆ ಎಂದರೆ ಬೆಂಕಿ ಇಟ್ಟಂಗಿಗೆ ದುಡ್ಡು ಹಾಕಿರಿ. ಅದು ಬಹಳ ದಿನ ಬಾಳುತ್ತದೆ.

ಕೆಂಪು ಇಟ್ಟಂಗಿ ಆರಿಸುವಾಗ ಎರಡನ್ನು ಒಂದಕ್ಕೊಂದು ಬಡಿದು ನೋಡಿರಿ. ಗಂಟೆಯ ಹಾಗೆ ಸದ್ದು ಬರಬೇಕು. ಉಗುರಿನಿಂದ ಕೆರೆದರೆ ಗೆರೆ ಬೀಳಬಾರದು. ಹೊಳೆಯ ಕಲ್ಲು ಬೇಡ. ಅದರೊಳಗೆ ನೀರು ಕೂತಿರುತ್ತದೆ, ಬಿಸಿಗೆ ಸಿಡಿಯುತ್ತದೆ. ಸಿಮೆಂಟ್ ಬ್ಲಾಕ್ ಕೂಡ ಬೇಡ.

ಮಣ್ಣಿನ ಮಾತು ಸ್ವಲ್ಪ ಹೆಚ್ಚು ಹೇಳಬೇಕು. ರಿಪೇರಿ ಕೆಡುವುದು ಇಲ್ಲಿಯೇ. ನಮ್ಮ ಜಿಲ್ಲೆಯಲ್ಲಿ ಎರೆ ಭೂಮಿಯೂ ಇದೆ, ಮಸಾರಿ ಭೂಮಿಯೂ ಇದೆ. ಎರೆ ಮಣ್ಣು ಒಲೆಗೆ ಆಗುವುದಿಲ್ಲ. ಬೇಸಿಗೆಯಲ್ಲಿ ಎರೆ ಹೊಲ ಹೇಗೆ ಬಾಯಿ ಬಿಡುತ್ತದೆ, ನಿಮಗೆ ಗೊತ್ತು. ಒಲೆಯಲ್ಲೂ ಹಾಗೇ ಬಾಯಿ ಬಿಡುತ್ತದೆ. ಅಂಟುವ ಕೆಂಪು ಮಣ್ಣು ತನ್ನಿರಿ. ಹಳೇ ಹುತ್ತದ ಮಣ್ಣು ಸಿಕ್ಕರೆ ಇನ್ನೂ ಒಳ್ಳೆಯದು. ಹುತ್ತ ಪೂಜಿಸುವವರು ಅದನ್ನು ಮುಟ್ಟದಿದ್ದರೂ ನಡೆಯುತ್ತದೆ, ಕುಂಬಾರರ ಮಣ್ಣು ಇದ್ದೇ ಇದೆ.

ಬರೀ ಮಣ್ಣು ಒಣಗುವಾಗ ಕುಗ್ಗುತ್ತದೆ. ಅದಕ್ಕೆ ಒಡೆದ ಮಂಗಳೂರು ಹಂಚನ್ನು ಕುಟ್ಟಿ ಸಾಣಿಗೆ ಹಿಡಿದು ಬೆರೆಸಬೇಕು. ಹಂಚು ಒಮ್ಮೆ ಸುಟ್ಟ ಮಣ್ಣು. ಅದು ಮತ್ತೆ ಕುಗ್ಗುವುದಿಲ್ಲ. ಹಂಚು ಇಲ್ಲದಿದ್ದರೆ ಹಳೇ ಗಡಿಗೆಯ ಚೂರು ನಡೆಯುತ್ತದೆ, ಸಣ್ಣ ಮರಳೂ ನಡೆಯುತ್ತದೆ. ಎಷ್ಟು ಬೆರೆಸಬೇಕು? ಒಂದೊಂದು ಊರಿನ ಮಣ್ಣು ಒಂದೊಂದು ತರಹ. ಹಾಗಾಗಿ ಪರೀಕ್ಷೆ ಮಾಡೋಣ. ಮೊದಲು 3 ಬಟ್ಟಲು ಮಣ್ಣಿಗೆ 1 ಬಟ್ಟಲು ಪುಡಿ ಹಾಕಿರಿ. ಬೇರೆಯಾಗಿ 2 ಬಟ್ಟಲಿಗೆ 1, ಇನ್ನೊಂದು ಸಲ 1 ಬಟ್ಟಲಿಗೆ 1. ವಡೆಯಷ್ಟು ದಪ್ಪ ತಟ್ಟಿ ನೆರಳಲ್ಲಿ ಎರಡು ದಿನ ಇಡಿರಿ. ಬಿರುಕು ಬಿಟ್ಟದ್ದಕ್ಕೆ ಪುಡಿ ಸಾಲದು. ಹಿಡಿದರೆ ಉದುರಿದ್ದಕ್ಕೆ ಪುಡಿ ಹೆಚ್ಚಾಯಿತು. ಎರಡೂ ಆಗದ್ದು ನಿಮ್ಮ ಮಣ್ಣಿನ ಹದ.

ಕೆಲವರು ಸೆಗಣಿ, ಹೊಟ್ಟು ಬೆರೆಸುತ್ತಾರೆ. ಹೊರಗಿನ ಸಾರಣೆಗೆ ಅದು ಒಳ್ಳೆಯದು. ಬೆಂಕಿ ತಾಗುವ ಒಳಗಿನ ಸಂದಿಗೆ ಬೇಡ. ಹೊಟ್ಟು ಸುಟ್ಟುಹೋಗಿ ಅಲ್ಲಿ ತೂತು ಉಳಿಯುತ್ತದೆ.

"ಸಿಮೆಂಟ್ ಹಾಕಿಬಿಡ್ರಿ, ಗಟ್ಟಿ ಆಗತೈತಿ" ಎಂದು ಮನೆಯ ಗಂಡಸರು ಹೇಳಬಹುದು. ಒಪ್ಪಬೇಡಿರಿ. ಗೋಡೆಗೆ ಸಿಮೆಂಟ್ ಗಟ್ಟಿ, ಬೆಂಕಿಗೆ ಅಲ್ಲ. ಸಿಮೆಂಟ್ ಒಳಗೆ ಹಿಡಿದಿಟ್ಟ ನೀರು ದೊಡ್ಡ ಬಿಸಿಗೆ ಹೊರಟುಹೋಗುತ್ತದೆ. ಆಮೇಲೆ ಅದು ಪುಡಿಯಾಗುತ್ತದೆ. ಹೋಗುವಾಗ ಪಕ್ಕದ ಇಟ್ಟಂಗಿಯನ್ನೂ ಕಿತ್ತುಕೊಂಡು ಹೋಗುತ್ತದೆ.

ಕೆಲಸ ಶುರು ಮಾಡೋಣ

ಮಳೆಗಾಲದಲ್ಲಿ ಈ ಕೆಲಸ ಬೇಡ, ಮಣ್ಣು ಒಣಗುವುದಿಲ್ಲ. ಉಗಾದಿಗೆ ಮನೆ ಸಾರಿಸುವ ಹೊತ್ತು ಒಳ್ಳೆಯದು. ಮಂಗಳವಾರ, ಶುಕ್ರವಾರ, ಅಮಾಸಿ ದಿನ ಒಲೆ ಮುಟ್ಟಬಾರದು ಎಂದು ಅತ್ತೆಯವರು ಹೇಳಿದರೆ ಜಗಳ ಬೇಡ. ಬುಧವಾರ ಮುಟ್ಟೋಣ. ಒಂದು ವಾರದ ಅಡಿಗೆಗೆ ಹೊರಗೆ ಮೂರು ಕಲ್ಲು ಇಡಿರಿ, ಇಲ್ಲವೇ ಗ್ಯಾಸ್ ಬಳಸಿರಿ.

ಒಲೆ ಒಂದು ಹಗಲು ಒಂದು ರಾತ್ರಿ ಆರಿರಬೇಕು. ಬೂದಿ ತೆಗೆಯಿರಿ. ಜಾಲರಿಯನ್ನು ಹೊರಗೆ ತೆಗೆದಿಡಿರಿ. ಮೂಗು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿರಿ. ಒಡೆಯುವ ಜಾಗಕ್ಕೆ ನೀರು ಚಿಮುಕಿಸಿರಿ. ಇಟ್ಟಂಗಿಯ ದೂಳು ಎದೆಗೆ ಒಳ್ಳೆಯದಲ್ಲ. ಕೂಸುಗಳನ್ನು ಹತ್ತಿರ ಬಿಡಬೇಡಿರಿ.

ಹಳೆಯ ಒಲೆಗಳಲ್ಲಿ ಹೊಗೆ ಕೊಳವೆ ಕಲ್ನಾರಿನ ಸಿಮೆಂಟ್ ಪೈಪು ಇರಬಹುದು. ಅದನ್ನು ಕೊಯ್ಯಬೇಡಿರಿ, ಒಡೆಯಬೇಡಿರಿ, ಉಜ್ಜಬೇಡಿರಿ. ಕಲ್ನಾರಿನ ದೂಳು ಎದೆ ಸೇರಿದರೆ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಬರಬಹುದು. ಪೈಪು ಗಟ್ಟಿಯಾಗಿದ್ದರೆ ಹಾಗೇ ಇರಲಿ.

ತೆಗೆಯುವ ಇಟ್ಟಂಗಿಯ ಮೇಲೆ ಏನು ಕೂತಿದೆ, ಮೊದಲು ನೋಡಿರಿ. ಮೇಲೆ ಭಾರ ಇದ್ದರೆ ಒಂದು ಗಟ್ಟಿ ತುಂಡನ್ನು ಆನಿಕೆ ಕೊಡಿರಿ. ಒಂದು ಸಲಕ್ಕೆ ಒಂದೇ ಇಟ್ಟಂಗಿ ತೆಗೆಯಬೇಕು. ಎಲ್ಲ ಒಟ್ಟಿಗೆ ಕಿತ್ತರೆ ಒಲೆಯ ಅಳತೆ ತಪ್ಪುತ್ತದೆ.

ಸುತ್ತಲಿನ ಸಂದಿಯ ಹಳೇ ಮಣ್ಣನ್ನು ಉಳಿಯಿಂದ ಕೆರೆಯಿರಿ. ಕೆಟ್ಟ ಇಟ್ಟಂಗಿಯ ನಡುವೆ ಉಳಿ ಇಟ್ಟು ಒಡೆಯಿರಿ. ಚೂರುಗಳನ್ನು ನಡುವಿಗೆ ಎಳೆದು ತೆಗೆಯಿರಿ. ಪಕ್ಕದ ಇಟ್ಟಂಗಿಗೆ ಉಳಿ ಆನಿಸಿ ಮೀಟಬೇಡಿರಿ, ಅದೂ ಸಡಿಲವಾಗುತ್ತದೆ. ಖಾಲಿಯಾದ ಗೂಡನ್ನು ಪೊರಕೆ ಕಡ್ಡಿಯಿಂದ ಗುಡಿಸಿ ನೀರು ಚಿಮುಕಿಸಿರಿ.

ಈಗ ಹೊಸ ಇಟ್ಟಂಗಿಯನ್ನು ಮಣ್ಣು ಇಲ್ಲದೆ ಕೂಡಿಸಿ ನೋಡಿರಿ. ದೊಡ್ಡದಾದರೆ ಸುತ್ತಲೂ ಉಳಿಯಿಂದ ಗೆರೆ ಕೊರೆದು ಮೆಲ್ಲಗೆ ಬಡಿದು ತುಂಡು ಮಾಡಿರಿ. ಕತ್ತರಿಸಿದ ಮುಖ ಹಿಂದಕ್ಕೆ ಇರಲಿ. ಸುಟ್ಟ ಗಟ್ಟಿ ಮುಖ ಬೆಂಕಿಯ ಕಡೆಗೆ ಇರಲಿ.

ಕೆಂಪು ಇಟ್ಟಂಗಿಯನ್ನು ನೀರಲ್ಲಿ ಮುಳುಗಿಸಿರಿ. ಗುಳ್ಳೆ ಬರುವುದು ನಿಂತ ಮೇಲೆ ತೆಗೆಯಿರಿ. ಒಣ ಇಟ್ಟಂಗಿ ಇಟ್ಟರೆ ಅದು ಮಣ್ಣಿನ ನೀರನ್ನೆಲ್ಲ ಕುಡಿದುಬಿಡುತ್ತದೆ, ಮಣ್ಣು ಹಿಡಿಯುವುದಿಲ್ಲ. ಬೆಂಕಿ ಇಟ್ಟಂಗಿಯಾದರೆ ಒಮ್ಮೆ ಅದ್ದಿ ತೆಗೆದರೆ ಸಾಕು.

ಮಣ್ಣು ಹೋಳಿಗೆಯ ಕಣಕದ ಹದಕ್ಕೆ ಇರಲಿ. ಗೂಡಿನ ಒಳಗೆ, ಇಟ್ಟಂಗಿಯ ಬದಿಗೆ ಸವರಿರಿ. ಸಂದಿಯ ಮಣ್ಣು ಬಿಸಿ ರೊಟ್ಟಿಯಷ್ಟೇ ದಪ್ಪ ಇರಬೇಕು. ದಪ್ಪ ಹೆಚ್ಚಿದಷ್ಟು ಬೇಗ ಉದುರುತ್ತದೆ. ಇಟ್ಟಂಗಿ ತಳ್ಳಿ, ಕಟ್ಟಿಗೆ ತುಂಡಿನಿಂದ ಬಡಿದು ಪಕ್ಕದವುಗಳ ಸಮಕ್ಕೆ ಕೂಡಿಸಿರಿ. ಮುಂದೆ ಬಂದರೆ ಕಟ್ಟಿಗೆ ಇಡಲು ಜಾಗ ಸಾಲದು. ಹಿಂದೆ ಹೋದರೆ ಅಲ್ಲಿ ಬೂದಿ ಕೂಡುತ್ತದೆ. ಹೆಚ್ಚಾದ ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿರಿ.

ಒಣಗಲಿ, ಅವಸರ ಬೇಡ

ಹೊಸ ಇಟ್ಟಂಗಿ ಇಟ್ಟ ದಿನವೇ ರಾತ್ರಿ ರೊಟ್ಟಿ ಬಡಿಯಲು ಕೂತರೆ ಮಾಡಿದ್ದೆಲ್ಲ ವ್ಯರ್ಥ. ಹಂಚಿನ ಮೇಲೆ ರೊಟ್ಟಿ ಯಾಕೆ ಉಬ್ಬುತ್ತದೆ? ಒಳಗಿನ ನೀರು ಆವಿಯಾಗಿ ಹೊರಗೆ ಬರಲು ನೂಕುತ್ತದೆ. ಹಸಿ ಮಣ್ಣಿನಲ್ಲೂ ಆವಿ ಹಾಗೇ ನೂಕುತ್ತದೆ. ರೊಟ್ಟಿ ಉಬ್ಬುತ್ತದೆ, ಮಣ್ಣು ಒಡೆಯುತ್ತದೆ.

ಮೂರು ದಿನ ಒಲೆಯ ಬಾಯಿ ತೆರೆದಿಟ್ಟು ಹಾಗೇ ಒಣಗಲು ಬಿಡಿರಿ. ನಾಲ್ಕನೆಯ ದಿನ ಒಂದು ಹಿಡಿ ಕಡ್ಡಿ ಹಚ್ಚಿರಿ. ಕಾಲು ತಾಸು ಉರಿದರೆ ಸಾಕು. ಮರುದಿನ ಅರ್ಧ ತಾಸು. ಆರನೆಯ ದಿನ ಒಂದು ಚಹಾ ಕಾಯಿಸಿರಿ. ಕೂದಲೆಳೆಯ ಬಿರುಕು ಬಂದಿದ್ದರೆ ಅದೇ ಮಣ್ಣನ್ನು ಗಂಜಿಯ ಹಾಗೆ ತೆಳ್ಳಗೆ ಮಾಡಿ ಬೆರಳಿನಿಂದ ತುಂಬಿರಿ. ಏಳನೆಯ ದಿನ ರೊಟ್ಟಿ ಬಡಿಯಿರಿ.

ಒಂದೆರಡು ಇಟ್ಟಂಗಿಯಾದರೆ ನಾವೇ ಮಾಡಬಹುದು. ಇಡೀ ಗೂಡು ವಾಲಿದ್ದರೆ, ಪಾತ್ರೆ ಕೂಡುವ ಜಾಗ ಕುಸಿದಿದ್ದರೆ ಗೌಂಡಿಯನ್ನು ಕರೆಯಿರಿ. ಕರೆಯುವ ಮೊದಲು ಗೂಡಿನ ಉದ್ದ, ಅಗಲ, ಆಳ ಅಳೆದು ಒಂದು ಚೀಟಿಯಲ್ಲಿ ಬರೆದಿಡಿರಿ. ಗೌಂಡಿ ಒಲೆಯನ್ನು ತನ್ನ ಮನಸ್ಸಿಗೆ ಬಂದಷ್ಟು ದೊಡ್ಡದು ಮಾಡಿಟ್ಟರೆ ಕಟ್ಟಿಗೆ ಹೆಚ್ಚು ಬೇಕಾಗುತ್ತದೆ. ಚೀಟಿ ತೋರಿಸಿ, "ಇಷ್ಟೇ ಅಳತಿ ಇರಬೇಕು ನೋಡಪಾ, ಸಂದಿಗೆ ಸಿಮೆಂಟ್ ಬ್ಯಾಡ" ಎಂದು ಹೇಳಿರಿ. ಇಟ್ಟಂಗಿ ಅಂಗಡಿಗೂ ಚೀಟಿ ಒಯ್ಯಿರಿ. ಎಷ್ಟು ಇಟ್ಟಂಗಿ, ಒಂದಕ್ಕೆ ಎಷ್ಟು ರೂಪಾಯಿ, ಒಟ್ಟು ಎಷ್ಟು ಎಂದು ಬಿಲ್ಲಿನಲ್ಲಿ ನೀವೇ ಓದಿ ನೋಡಿರಿ.

ಕೆಲಸ ಮುಗಿದ ಮೇಲೆ ಒಲೆಯ ಹಿಂದಿನ ಗೋಡೆಗೆ ಇದ್ದಿಲಿನಿಂದ ತಾರೀಖು ಬರೆಯಿರಿ. ಯಾವ ಕಡೆಯ ಇಟ್ಟಂಗಿ ಬದಲಿಸಿದಿರಿ, ಅದನ್ನೂ ಬರೆಯಿರಿ: 'ಎಡಗಡೆ, ಕೆಳಗಿನ ಸಾಲು'. ಮುಂದಿನ ಉಗಾದಿಗೆ ಸಾರಿಸುವ ಮೊದಲು ಅದನ್ನು ಓದಿ, ಅದೇ ಇಟ್ಟಂಗಿಯನ್ನು ಬಡಿದು ನೋಡಿರಿ. 'ಟಣ್' ಅಂದರೆ ಇನ್ನೂ ಒಂದು ವರ್ಷ ಬಿಡಬಹುದು.